ಕಾದ ಮೇಲೆ ನಿಲ್ಲುವ ಬಿಸಿಗಾಳಿ ಎಂಜಿನ್: ಕ್ರ್ಯಾಂಕ್ ಕೋನವನ್ನು ಮುಟ್ಟಬೇಡಿ

ಬೀದರಿನಲ್ಲಿ ಮನೆಯ ಲೇಥಿನ ಮೇಲೆ ನೀವೇ ಮಾಡಿದ ಬಿಸಿಗಾಳಿ ಎಂಜಿನ್ನು ಸ್ಪಿರಿಟ್ ದೀಪ ಹಚ್ಚಿದಾಗ ಚೆನ್ನಾಗಿ ಓಡಿ, ಎರಡು ಮೂರು ನಿಮಿಷಗಳಲ್ಲಿ ಏದುತ್ತಾ ನಿಂತುಬಿಡುತ್ತದೆ, ಆರಿದ ಮೇಲೆ ಮತ್ತೆ ಅಷ್ಟೇ ಹೊತ್ತು ಓಡುತ್ತದೆ ಎಂದು ಬರೆದಿದ್ದೀರಿ; 90 ಡಿಗ್ರಿಯ ಕ್ರ್ಯಾಂಕ್ ಕೋನವನ್ನು (ಪಿಸ್ಟನ್ನಿಗೂ, ಗಾಳಿಯನ್ನು ಬಿಸಿ ತುದಿಗೂ ತಣ್ಣನೆಯ ತುದಿಗೂ ಸರಿಸುವ ಡಿಸ್ಪ್ಲೇಸರಿಗೂ ನಡುವಿನ ಕೋನವನ್ನು) ಬದಲಿಸಬೇಕೇ ಎಂದೂ ಕೇಳಿದ್ದೀರಿ. ಬದಲಿಸಬೇಡಿ. ಕೋನ ತೀರಾ ತಪ್ಪಿದ್ದರೆ ಎಂಜಿನ್ ಮೊದಲ ನಿಮಿಷದಲ್ಲಿಯೇ ಓಡುತ್ತಿರಲಿಲ್ಲ. ಕಾದ ಮೇಲೆ ನಿಂತು ಆರಿದ ಮೇಲೆ ಓಡುವ ದೋಷಕ್ಕೆ ಕಾರಣವೂ ಶಾಖದ ಜೊತೆಗೇ ಬರುವಂಥದ್ದಾಗಿರಬೇಕು. ನಿಮ್ಮ ವಿವರಣೆಯಲ್ಲಿ ಅಂಥ ಎರಡು ಕಾರಣಗಳು ಕಾಣುತ್ತವೆ: ಬೀಡಿನ (ಎರಕದ ಕಬ್ಬಿಣದ) ಸಿಲಿಂಡರಿನಲ್ಲಿ ಓಡುವ 20 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್, ಮತ್ತು ಅಲ್ಯೂಮಿನಿಯಂ ದೇಹಕ್ಕೆ ನೇರವಾಗಿ ಕೂರಿಸಿದ ಸ್ಟೇನ್‌ಲೆಸ್ ಸ್ಟೀಲಿನ ಬಿಸಿ ಕೊಳವೆ.

ನನ್ನ ಮೊದಲ ಅನುಮಾನ ಪಿಸ್ಟನ್ನಿನ ಮೇಲೆ. ಒಂದು ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ, ಬೀಡು ಸುಮಾರು 11 ಭಾಗ ಮಾತ್ರ. ಎರಡೂ 60 ಡಿಗ್ರಿ ಕಾದವೆಂದು ಲೆಕ್ಕ ಹಾಕಿದರೆ ನಿಮ್ಮ ಪಿಸ್ಟನ್ 0.028 ಮಿ.ಮೀ. ದಪ್ಪವಾಗುತ್ತದೆ, ಸಿಲಿಂಡರಿನ ರಂಧ್ರ 0.013 ಮಿ.ಮೀ. ಅಷ್ಟೇ ಅಗಲವಾಗುತ್ತದೆ. ನೀವು ವ್ಯಾಸದಲ್ಲಿ ಬಿಟ್ಟಿರುವ ಸಡಿಲ 0.02 ಮಿ.ಮೀ. ಆಗಿರುವುದರಿಂದ ಉಳಿಯುವುದು 0.005 ಮಾತ್ರ, ಪಿಸ್ಟನ್ ಬಿಸಿಗಾಳಿಗೆ ಮುಖ ಕೊಟ್ಟು ಸಿಲಿಂಡರಿಗಿಂತ ಸ್ವಲ್ಪ ಹೆಚ್ಚೇ ಕಾದರೆ ಅದೂ ಉಳಿಯುವುದಿಲ್ಲ. ಇಂಥ ಪುಟ್ಟ ಎಂಜಿನ್ ನಿಂತುಬಿಡಲು ಅಷ್ಟು ಬಿಗಿತ ಸಾಕು.

ಪರೀಕ್ಷೆ ಸುಲಭ. ಎಂಜಿನ್ ನಿಂತ ಕೂಡಲೇ ದೀಪ ಆರಿಸಿ, ಕೈಗವಸು ಹಾಕಿಕೊಂಡು ಕನೆಕ್ಟಿಂಗ್ ರಾಡಿನ ಪಿನ್ ಕಳಚಿ, ಪಿಸ್ಟನ್ನನ್ನು ಬೆರಳಿನಿಂದ ಸರಿಸಿ ನೋಡಿ. ಬಿಸಿಯಲ್ಲಿ ಅಂಟಿಕೊಂಡಂತೆ ಬಿಗಿಯಾಗಿದ್ದು ಆರಿದಾಗ ಜಾರುವಂತಾದರೆ ತೀರ್ಮಾನವಾಯಿತು. ಆಗ ಪಿಸ್ಟನ್ನನ್ನೂ ಬೀಡಿನಲ್ಲಿಯೇ ಮಾಡಿ. ಇಲ್ಲಿ ಕಲಬುರಗಿಯಲ್ಲಿ ನಾನು ಹೊಸ ರಾಡ್ ಕೊಳ್ಳುವ ಬದಲು ದಾಲ್ ಮಿಲ್ಲುಗಳಿಂದ ಗುಜರಿಗೆ ಬಂದ ಒಡೆದ ಪುಲ್ಲಿಯ ತುಂಡನ್ನೇ ಬಳಸುತ್ತೇನೆ. ಮೇಲಿನ ಗಡುಸು ಪದರವನ್ನು ತೆಗೆದ ಮೇಲೆ ಟೂಲಿನಡಿಯಿಂದ ಸುರುಳಿ ಬಾರದೆ ಕಪ್ಪು ಪುಡಿ ಉದುರಿ ಬೆರಳಿಗೆ ಮೆತ್ತಿಕೊಂಡರೆ ಅದು ಒಳಗೆ ಗ್ರಾಫೈಟ್ ಇರುವ ಬೂದು ಬೀಡು, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಕೊನೆಯ ನುಣುಪಿಗೆ ಎಮರಿ ಪುಡಿ ಹಾಕದೆ ಹಿತ್ತಾಳೆಗೆ ಹೊಳಪು ಕೊಡುವ ಬ್ರಾಸೋ ಹಾಕಿ ಉಜ್ಜಿ, ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ.

ಪಿಸ್ಟನ್ ಬಿಸಿಯಲ್ಲೂ ಸಡಿಲವಾಗಿಯೇ ಇದ್ದರೆ ದೋಷ ತಣ್ಣನೆಯ ತುದಿಯಲ್ಲಿದೆ: ಬಿಸಿ ಕೊಳವೆಯ ಶಾಖ ನೇರವಾಗಿ ದೇಹಕ್ಕೆ ಹರಿದು ಅದೂ ಕಾಯುತ್ತಿದೆ. ಎಂಜಿನ್ ಏದುವಾಗ ಫಿನ್‌ಗಳ (ದೇಹದ ಶಾಖವನ್ನು ಗಾಳಿಗೆ ಬಿಡುವ ತೆಳು ರೆಕ್ಕೆಗಳ) ಸುತ್ತ ಒದ್ದೆ ಬಟ್ಟೆ ಸುತ್ತಿ. ವೇಗ ಮರಳಿ ಬಂದರೆ ಸಂಶಯ ಬೇಡ. ಬಿಸಿ ತುದಿ 300 ಡಿಗ್ರಿ, ತಣ್ಣನೆಯ ತುದಿ 40 ಡಿಗ್ರಿ ಇದ್ದಾಗ ಸೈದ್ಧಾಂತಿಕ ದಕ್ಷತೆಯ ಮಿತಿ ಶೇ. 45ರಷ್ಟಿರುತ್ತದೆ, ತಣ್ಣನೆಯ ತುದಿಯೂ 110 ಡಿಗ್ರಿಗೆ ಏರಿದರೆ ಅದು ಶೇ. 33ಕ್ಕೆ ಇಳಿಯುತ್ತದೆ. ಮಾದರಿ ಎಂಜಿನ್ನಿಗೆ ದಕ್ಕುವುದು ಅದರಲ್ಲೊಂದು ಸಣ್ಣ ಪಾಲು, ಅದರಲ್ಲಿ ಬಹುಭಾಗ ಘರ್ಷಣೆಗೇ ಹೋಗುತ್ತದೆ. ನಮ್ಮ ಕಡೆಯ ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಇರುವಾಗ ಫಿನ್‌ಗಳು ತಣ್ಣಗಾಗುವುದಾದರೂ ಹೇಗೆ? ಕೊಳವೆಯ ಗೋಡೆಯನ್ನು 0.5 ಮಿ.ಮೀ.ಗೆ ಇಳಿಸಿ, ಫ್ಲ್ಯಾಂಜಿನ (ಕೊಳವೆಯನ್ನು ದೇಹಕ್ಕೆ ಕೂಡಿಸುವ ಅಂಚಿನ) ನಡುವೆ ಹಳೆಯ ಇಸ್ತ್ರಿ ಪೆಟ್ಟಿಗೆಯ ಅಭ್ರಕದ ಹಾಳೆಯನ್ನು ಕತ್ತರಿಸಿ, ಎರಡೂ ಬದಿಗೆ ಶಾಖ ತಡೆಯುವ ಸಿಲಿಕೋನನ್ನು ತೆಳುವಾಗಿ ಬಳಿದು ಕೂರಿಸಿ. ಹಿತ್ತಾಳೆಯ ಸ್ಕ್ರೂಗಳ ಬದಲು ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಜ್ವಾಲೆ ಕೊಳವೆಯ ತುದಿಗೆ ಮಾತ್ರ ತಾಗುವಂತೆ ದೀಪವನ್ನು ಸರಿಸಿ.

ಡಿಸ್ಪ್ಲೇಸರಿನ ಸುತ್ತ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುಂಬುವ ನಿಮ್ಮ ಯೋಚನೆ ತಪ್ಪಲ್ಲ, ಶಾಖವನ್ನು ಹಿಡಿದಿಟ್ಟು ಮರಳಿಸುವ ಭಾಗ 1816ರ ರಾಬರ್ಟ್ ಸ್ಟರ್ಲಿಂಗ್ ಪೇಟೆಂಟಿನಲ್ಲಿಯೇ ಇದೆ. ಆದರೆ ನಾರಿನ ಒಂದು ಎಳೆ ಕಿತ್ತು ಪಿಸ್ಟನ್ನಿಗೆ ಸಿಕ್ಕರೆ ಸಿಲಿಂಡರ್ ಗೀರಿಹೋಗುತ್ತದೆ, ಆದ್ದರಿಂದ ಎಂಜಿನ್ ಅರ್ಧ ಗಂಟೆ ನಿಲ್ಲದೆ ಓಡುವವರೆಗೆ ಅದು ಬೇಡ. ಹೊಲಿಗೆ ಯಂತ್ರದ ಎಣ್ಣೆಯನ್ನು ಬೇರಿಂಗುಗಳಿಗೆ ಒಂದು ಹನಿ ಹಾಕಿದರೆ ಸಾಕು. ಡಿಸ್ಪ್ಲೇಸರ್ ರಾಡಿಗೆ ಎಣ್ಣೆ ಬೇಡವೇ ಬೇಡ, ಏಕೆಂದರೆ ಅದು ಒಳಗೆ ಹರಿದು ಬಿಸಿಗೆ ಸುಟ್ಟು ಜಿಗುಟಾಗುತ್ತದೆ.