ಚಿಪ್‌ಬೋರ್ಡ್ ನೆಲ: ಲೆವೆಲಿಂಗ್ ಕಾಂಪೌಂಡ್ ಸುರಿಯುವ ಮೊದಲು ಅಲುಗಾಟ ನಿಲ್ಲಿಸಿ

ಹಳೇ ಕಾರ್ಪೆಟ್ ಕಿತ್ತಿದ್ದೀರಿ, ಕೆಳಗೆ ಚಿಪ್‌ಬೋರ್ಡ್ ಇದೆ. ನಡೆದರೆ ಕಿರುಗುಡುತ್ತದೆ, ಕೋಣೆಯ ನಡುವೆ ಒಂದು ತಗ್ಗು, ಕಿಟಕಿ ಪಕ್ಕದ ಮೂಲೆಯಲ್ಲಿ ಹಲಗೆಯ ಅಂಚು ಉಬ್ಬಿದೆ. ಮೇಲೆ ಲ್ಯಾಮಿನೇಟ್ (ಒಂದಕ್ಕೊಂದು ಕ್ಲಿಕ್ ಮಾಡಿ ಜೋಡಿಸುವ ನೆಲದ ಹಲಗೆ) ಹಾಕಬೇಕು, ಲೆವೆಲಿಂಗ್ ಕಾಂಪೌಂಡ್ (ನೀರಲ್ಲಿ ಕಲಸಿ ಸುರಿದರೆ ಹರಿದು ಸಮವಾಗಿ ಗಟ್ಟಿಯಾಗುವ ಪುಡಿ) ಸುರಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಸುರಿಯಬೇಡಿ.

ನಾನು ಒಂದು ಸಲ ಹಾಗೇ ಮಾಡಿದ್ದೆ. ಸುರಿದ ದಿನ ನೆಲ ತುಂಬ ಚೆನ್ನಾಗಿ ಕಂಡಿತು. ಕೆಲವೇ ತಿಂಗಳಲ್ಲಿ ಕಾಲಿಟ್ಟಲ್ಲೆಲ್ಲ ಜಲ್ಲಿ ತುಳಿದ ಸದ್ದು ಶುರುವಾಯಿತು. ಕೆಳಗಿನ ಹಲಗೆ ಅಲುಗುತ್ತಲೇ ಇತ್ತು, ಅದರ ಮೇಲಿನ ಗಟ್ಟಿ ಪದರ ಬಿರಿದು ಚೂರಾಗಿತ್ತು. ಎಲ್ಲ ಕಿತ್ತು ಮೊದಲಿಂದ ಮಾಡಬೇಕಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ಉಬ್ಬಿದ ಮೂಲೆ ನೋಡಿ. ಚಿಪ್‌ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಊದಿಕೊಳ್ಳುತ್ತದೆ, ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಅಂದರೆ ಅಲ್ಲಿ ಯಾವಾಗಲೋ ನೀರು ಬಿದ್ದಿದೆ, ಅಥವಾ ಈಗಲೂ ಬೀಳುತ್ತಿದೆ. ಕಿಟಕಿಯ ಸಂದಿನಿಂದಲೋ, ಪೈಪಿನಿಂದಲೋ ಪತ್ತೆ ಮಾಡಿ. ಅದು ನಿಲ್ಲುವವರೆಗೆ ಮುಂದಿನ ಯಾವ ಕೆಲಸವೂ ಉಳಿಯುವುದಿಲ್ಲ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಹಲಗೆಯನ್ನು ಚುಚ್ಚಿ. ಗಟ್ಟಿಯಾಗಿದ್ದರೆ ಬರೀ ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ಪುಡಿಪುಡಿಯಾಗಿ ಉದುರಿದರೆ ಆ ತುಂಡನ್ನು ಕತ್ತರಿಸಿ ತೆಗೆಯಲೇಬೇಕು. ಗರಗಸದ ಆಳವನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಇಟ್ಟುಕೊಳ್ಳಿ, ಕೆಳಗೆ ಪೈಪು, ವೈರು ಇರಬಹುದು. ಹೊಸ ತುಂಡಿನ ನಾಲ್ಕೂ ಅಂಚಿಗೆ ಕೆಳಗೆ ಆಧಾರ ಬೇಕು. ಜಂತೆ (ಹಲಗೆಯನ್ನು ಕೆಳಗಿನಿಂದ ಹೊರುವ ಮರದ ತೊಲೆ) ಸಿಗದ ಕಡೆ ಎರಡು ಜಂತೆಗಳ ನಡುವೆ ಅಡ್ಡಪಟ್ಟಿ ಕೂರಿಸಿ.

ಇನ್ನು ಕಿರುಗುಟ್ಟುವುದು. ಇದೇ ಮುಖ್ಯ ಕೆಲಸ, ಇಲ್ಲೇ ಜಾಸ್ತಿ ಸಮಯ ಕೊಡಿ. ಮೊಳೆ ಹೊಡೆದ ಹಲಗೆ ವರ್ಷಗಳು ಕಳೆದಂತೆ ಸಡಿಲವಾಗಿ ಮೊಳೆಗುಂಟ ಮೇಲೆ ಕೆಳಗೆ ಆಡುತ್ತದೆ. ಆ ಉಜ್ಜಾಟದ ಸದ್ದೇ ನಿಮಗೆ ಕೇಳುತ್ತಿರುವುದು. ಮೊಳೆ ಸಾಲು ನೋಡಿದರೆ ಜಂತೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಆ ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದುಕೊಳ್ಳಿ. ಪೈಪು, ವೈರು ಎಲ್ಲಿ ಹೋಗಿದೆ ಅಂತ ಡಿಟೆಕ್ಟರ್‌ನಿಂದ ನೋಡಿಕೊಂಡೇ ಸ್ಕ್ರೂ ಹಾಕಿ. ಸ್ಕ್ರೂ ಉದ್ದ ಹಲಗೆ ದಪ್ಪದ ಸುಮಾರು ಎರಡೂವರೆ ಪಟ್ಟು ಇರಲಿ. 18 ಮಿ.ಮೀ. ಹಲಗೆಗೆ 45–50, 22ಕ್ಕೆ 55–60. ತಲೆಯ ಹತ್ತಿರ ಸ್ವಲ್ಪ ಭಾಗ ನುಣುಪಾಗಿರುವ ಸ್ಕ್ರೂ ಒಳ್ಳೆಯದು. ಉದ್ದಕ್ಕೂ ತಿರುಪಿನ ಗೆರೆ ಇರುವ ಸ್ಕ್ರೂ ಹಲಗೆಯನ್ನೂ ಹಿಡಿದುಕೊಳ್ಳುತ್ತದೆ, ಹಲಗೆಗೂ ಜಂತೆಗೂ ನಡುವಿನ ಸಂದು ಹಾಗೇ ಉಳಿದುಬಿಡುತ್ತದೆ. ಅಂಚಿನಲ್ಲಿ ಸುಮಾರು 200 ಮಿ.ಮೀ.ಗೆ ಒಂದು, ನಡುವೆ 300ಕ್ಕೆ ಒಂದು. ಹಳೇ ಮೊಳೆ ಕೀಳಬೇಡಿ, ತಲೆಯನ್ನು ಒಂದೆರಡು ಮಿ.ಮೀ. ಒಳಗೆ ಹೊಡೆದರೆ ಸಾಕು.

ಸ್ಕ್ರೂ ಹಾಕಿದ ಮೇಲೂ ಒಂದು ಕಡೆ ಸದ್ದು ಬಂದರೆ ಅದು ಹೆಚ್ಚಾಗಿ ಎರಡು ಹಲಗೆ ಸೇರುವ ಸಂದಿನಿಂದ. ಅಲ್ಲಿ ತೆಳುವಾಗಿ ಮರದ ಅಂಟು ಬಿಡಿ, ಒಂದು ರಾತ್ರಿ ಯಾರೂ ತುಳಿಯದ ಹಾಗೆ ನೋಡಿಕೊಳ್ಳಿ. ಹಾಗೇ ಗೋಡೆ ಅಂಚನ್ನೂ ನೋಡಿ. ಹಲಗೆ ಗೋಡೆಗೆ ಒತ್ತಿಕೊಂಡಿದ್ದರೆ ಹಿಗ್ಗಿದಾಗ ಸಂದುಗಳು ಮೇಲೆದ್ದುಬಿಡುತ್ತವೆ. ಸುಮಾರು 10 ಮಿ.ಮೀ. ಬಿಡುವು ಬೇಕು.

ಈಗ ಸಮ ಮಾಡುವ ಮಾತು. ರಸಮಟ್ಟ ಇಟ್ಟು ಗುಳ್ಳೆ ನಡುವೆ ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೋಣೆ ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿದ್ದರೂ ಲ್ಯಾಮಿನೇಟ್‌ಗೆ ತೊಂದರೆ ಇಲ್ಲ. ನೆಲ ಚಪ್ಪಟೆಯಾಗಿರಬೇಕು, ಅಷ್ಟೇ. 2 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ತೆಗೆದುಕೊಂಡು ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಕೆಳಗಿನ ಸಂದು 3 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಲ್ಯಾಮಿನೇಟ್‌ಗೆ ನಡೆಯುತ್ತದೆ, ಆದರೂ ನಿಮ್ಮ ಪೆಟ್ಟಿಗೆ ಮೇಲೆ ಏನಿದೆ ಅಂತ ಓದಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದರೆ ಉಬ್ಬು ತಗ್ಗೆಲ್ಲ ನೆರಳಾಗಿ ಕಾಣುತ್ತದೆ. ಉಬ್ಬಿದ್ದಲ್ಲಿ ಗುಣಾಕಾರದ ಗುರುತು (×), ತಗ್ಗಿನ ಸುತ್ತ ಗೆರೆ ಹಾಕಿಕೊಳ್ಳಿ.

ಯಾವಾಗಲೂ ಉಬ್ಬನ್ನೇ ಮೊದಲು ಇಳಿಸಿ. ಒಂದು ಉಬ್ಬು ತೆಗೆದರೆ ಎಷ್ಟೋ ಸಲ ಪಕ್ಕದ ತಗ್ಗು ತಾನೇ ಇಲ್ಲವಾಗುತ್ತದೆ. 40 ಅಥವಾ 60 ನಂಬರಿನ ಉಪ್ಪುಕಾಗದ ಹಾಕಿದ ಬೆಲ್ಟ್ ಸ್ಯಾಂಡರ್ ಸಾಕು. ಮೊದಲು ಮೊಳೆ, ಸ್ಕ್ರೂ ತಲೆಗಳು ಒಳಗೆ ಹೋಗಿವೆಯಾ ನೋಡಿ, ಇಲ್ಲದಿದ್ದರೆ ಬೆಲ್ಟ್ ಹರಿಯುತ್ತದೆ. ಮಾಸ್ಕ್ ಬೇಕೇ ಬೇಕು, ಆ ಧೂಳು ತುಂಬಾ ಸಣ್ಣದು. ನೆಲದ ಮೇಲೆ ಹಳೇ ಕಪ್ಪು ಅಂಟು ಇದ್ದರೆ ಮಾತ್ರ ಉಜ್ಜಬೇಡಿ. ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಮೊದಲು ಪರೀಕ್ಷೆ ಮಾಡಿಸಿ.

ನಡುವಿನ ತಗ್ಗಿನ ಮೇಲೆ ನಿಂತು ಮೈ ಭಾರ ಹಾಕಿ ನೋಡಿ. ಬಗ್ಗಿದರೆ ಅದು ತುಂಬುವ ಕೆಲಸ ಅಲ್ಲ, ಕೆಳಗಿನಿಂದ ಆಧಾರ ಕೊಡುವ ಕೆಲಸ. 22 ಮಿ.ಮೀ. ಹಲಗೆಗೆ ಜಂತೆಗಳ ನಡುವಿನ ಅಂತರ 600 ಮಿ.ಮೀ.ವರೆಗೆ ಇದ್ದರೂ ನಡೆಯುತ್ತದೆ. 18 ಮಿ.ಮೀ. ಹಲಗೆಗೆ 400–450ರವರೆಗೆ ಮಾತ್ರ. ಜಂತೆ ಅದಕ್ಕಿಂತ ದೂರ ಇದ್ದರೆ ಬಗ್ಗಲೇಬೇಕು ಅಲ್ವಾ? ಹಲಗೆ ಎತ್ತಿ ಅಡ್ಡಪಟ್ಟಿ ಹಾಕಿ.

ಬಗ್ಗದೆ ಬರೀ ತಗ್ಗಾಗಿದ್ದರೆ ಲ್ಯಾಮಿನೇಟ್ ಕೆಳಗೆ ನನಗೆ ಒಣ ವಿಧಾನವೇ ಇಷ್ಟ. ರೂಫಿಂಗ್ ಫೆಲ್ಟ್ (ಛಾವಣಿಗೆ ಹಾಸುವ ಟಾರಿನ ಹಾಳೆ) ತೆಗೆದುಕೊಂಡು ತೀರಾ ಆಳದ ಜಾಗಕ್ಕೆ ಸಣ್ಣ ತುಂಡು, ಅದರ ಮೇಲೆ ಸ್ವಲ್ಪ ದೊಡ್ಡದು, ಅದರ ಮೇಲೆ ಇನ್ನೂ ದೊಡ್ಡದು ಹೀಗೆ ಅಂಟಿಸುತ್ತಾ ಬನ್ನಿ. ಪ್ರತಿ ಪದರಕ್ಕೂ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ. ನೀರೂ ಇಲ್ಲ, ಒಣಗಲು ಕಾಯುವುದೂ ಇಲ್ಲ. ಸುಮ್ನೆ ಎರಡು ಪದರ ಫೋಮ್ ಹಾಸಿ ತಗ್ಗು ಮುಚ್ಚಲು ಹೋಗಬೇಡಿ. ಮೆತ್ತಗಾದರೆ ಲ್ಯಾಮಿನೇಟ್‌ನ ಕ್ಲಿಕ್ ಬೀಗಗಳು ಮುರಿಯುತ್ತವೆ.

ತಗ್ಗು ತುಂಬಾ ಅಗಲವಾಗಿದ್ದು ಕಾಂಪೌಂಡೇ ಬೇಕು ಅಂದರೆ ಮರದ ನೆಲಕ್ಕೆ ಅಂತ ಬರೆದಿರುವ, ನಾರು ಸೇರಿಸಿದ ಕಾಂಪೌಂಡನ್ನೇ ತನ್ನಿ. ಎಷ್ಟೋ ಚೀಲಗಳ ಮೇಲೆ ಚಿಪ್‌ಬೋರ್ಡ್ ಮೇಲೆ ನೇರವಾಗಿ ಹಾಕಬೇಡಿ ಅಂತಲೇ ಇರುತ್ತದೆ. ಹಾಗಿದ್ದರೆ ಮೊದಲು 6 ಮಿ.ಮೀ. ಅಥವಾ ಇನ್ನೂ ದಪ್ಪದ ಪ್ಲೈವುಡ್ ಹೊದಿಸಿ, ಅದರ ಸಂದುಗಳು ಚಿಪ್‌ಬೋರ್ಡ್ ಸಂದಿನ ಮೇಲೆ ಬರದ ಹಾಗೆ. ಸಂದುಗಳನ್ನೆಲ್ಲ ಸೀಲಂಟ್‌ನಿಂದ ಮುಚ್ಚಿ, ಧೂಳು ಎಳೆದು, ಪ್ರೈಮರ್ ಹಚ್ಚಿ ಒಣಗಿಸಿ. ಉಜ್ಜಿದ ಜಾಗಕ್ಕೆ ಪ್ರೈಮರ್ ಇನ್ನೂ ಮುಖ್ಯ, ಅಲ್ಲಿ ನೀರು ಬೇಗ ಇಂಗುತ್ತದೆ. ಕಾಂಪೌಂಡ್ ಕಲಸುವಾಗ ನೀರನ್ನು ಅಳೆದೇ ಹಾಕಿ. ಸುಲಭವಾಗಿ ಹರಿಯಲಿ ಅಂತ ಜಾಸ್ತಿ ಹಾಕಿದರೆ ಮೇಲ್ಮೈ ಪುಡಿಯಾಗುತ್ತದೆ.

ಲ್ಯಾಮಿನೇಟ್ ಪೆಟ್ಟಿಗೆಗಳನ್ನು ಎರಡು ದಿನ ಮೊದಲೇ ಆ ಕೋಣೆಗೆ ತಂದಿಡಿ. ಅಷ್ಟರಲ್ಲಿ ಮೂಲೆಗೆ ನೀರು ಎಲ್ಲಿಂದ ಬಂದಿದೆ ಅಂತ ಗೊತ್ತಾದರೆ ಇಲ್ಲೇ ಬರೆಯಿರಿ, ಹಲಗೆಯ ಅಂಚಿನ ಒಂದು ಫೋಟೋನೂ ಹಾಕಿ. ಉಜ್ಜಿದರೆ ಸಾಕಾ, ಕತ್ತರಿಸಬೇಕಾ ಅಂತ ಸೇರಿ ನೋಡೋಣ.