ಓದುಗರ ಪ್ರಶ್ನೆ: ಕಲಾ ಸಂಗ್ರಹಾಲಯದ ಉಪನ್ಯಾಸಗಳು

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಚಿತ್ರ, ಶಿಲ್ಪ, ಛಾಯಾಗ್ರಹಣ ಕುರಿತು ಸಂಗ್ರಹಾಲಯಗಳಲ್ಲಿ ನಡೆಯುವ ಉಪನ್ಯಾಸಗಳಿಗೆ ಹೋಗುವ ಆಸೆಯಿದೆ. ಕಲೆಯ ಗಂಧವಿಲ್ಲದವನಿಗೆ ಅವು ಅರ್ಥವಾದಾವೇ? ಮೊದಲು ಏನನ್ನಾದರೂ ಓದಿಕೊಳ್ಳಬೇಕೆ?
– ಓದುಗರು, ತುಮಕೂರು

ಉತ್ತರ: ಖಂಡಿತ ಅರ್ಥವಾಗುತ್ತವೆ. ಓದಿಕೊಂಡು ಹೋಗುವುದಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ, ಅಂದಿನ ಮಾತು ಯಾವ ಕೃತಿಯನ್ನು ಕುರಿತದ್ದೋ ಅದನ್ನು ಒಬ್ಬರೇ ನೋಡಿಕೊಂಡಿರುವುದು ಹೆಚ್ಚು ಉಪಯುಕ್ತ. ಸಭಾಂಗಣದ ಪರದೆಯ ಮೇಲೆ ಅಂಗೈಯಗಲದ ಚಿತ್ರವೂ ಆಳೆತ್ತರದ ಶಿಲ್ಪವೂ ಒಂದೇ ಅಳತೆಗೆ ಬಂದುಬಿಡುವುದರಿಂದ, ಆಯ್ಕೆಯಿದ್ದಾಗ ಕೃತಿಯ ಎದುರಿನಲ್ಲೇ ನಡೆಯುವ ಮಾತನ್ನು ಆರಿಸಿಕೊಳ್ಳಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನದ ಕಲ್ಲನ್ನೇ ತೆಗೆದುಕೊಳ್ಳಿ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದನ್ನು ಎದುರಿಸಿ ಕಾದಿತು, ಎರಡೂ ಸತ್ತವು ಎಂಬುದನ್ನು 10ನೆಯ ಶತಮಾನದ ಆ ಬರಹ ತಿಳಿಸುತ್ತದೆ. ಒಳ್ಳೆಯ ಉಪನ್ಯಾಸಕರು ಈ ಕಥೆಯನ್ನು ಮೊದಲೇ ಹೇಳಿಬಿಡುವುದಿಲ್ಲ. ಕಲ್ಲಿನ ಮೇಲೆ ಕೆತ್ತಿರುವ, ಹಂದಿಯ ಮೇಲೆರಗಿದ ನಾಯಿಯ ಮೈಬಾಗನ್ನು, ಅದರ ಸುತ್ತ ಅಕ್ಷರಗಳಿಗೆ ಬಿಟ್ಟ ಜಾಗವನ್ನು ನೀವೇ ಗುರುತಿಸುವಂತೆ ಮಾಡಿ, ಆಮೇಲೆ ಶಾಸನಕ್ಕೆ ಬರುತ್ತಾರೆ. ರಾಜರ ಹೆಸರು, ಇಸವಿಗಳಲ್ಲೇ ಮುಗಿಯುವ ಉಪನ್ಯಾಸವನ್ನು ಮನೆಯಲ್ಲೇ ಓದಿಕೊಳ್ಳಬಹುದು.

ಚಿತ್ರದ ವಿಷಯದಲ್ಲೂ ಇದೇ ಮಾತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪಕ್ಕೆ ಕೈ ಮರೆ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮನದೆಂದು ನಂಬಿದವರು ಇಂದಿಗೂ ಇದ್ದಾರೆ. ಅದು ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ. ಬೆರಳುಗಳ ಸಂದಿನಿಂದ ಕೆಂಪಗೆ ಸೋರುವ ಬೆಳಕನ್ನು ತೈಲವರ್ಣದಂತೆ ಮತ್ತೆ ಮತ್ತೆ ತಿದ್ದುವ ಅವಕಾಶವಿಲ್ಲದ ಮಾಧ್ಯಮದಲ್ಲಿ ಮೂಡಿಸಿದ್ದಾರೆಂದು ತಿಳಿದಾಗ, ನೋಡುವವರ ಕಣ್ಣು ಮುಖವನ್ನು ಬಿಟ್ಟು ಕೈಯ ಕಡೆಗೆ ಹೋಗುತ್ತದೆ.

ಪ್ರಶ್ನೆ: ಕೆಲವು ಕೊಠಡಿಗಳಲ್ಲಿ ಬೆಳಕು ತೀರಾ ಮಂದವಾಗಿರುವುದೇಕೆ?
– ಓದುಗರು, ಹಾಸನ

ಉತ್ತರ: ಜಲವರ್ಣ ಮತ್ತು ಹಳೆಯ ಛಾಯಾಚಿತ್ರಗಳು ಬೆಳಕಿಗೆ ಮಾಸುತ್ತವೆ, ಒಮ್ಮೆ ಮಾಸಿದ್ದು ಮರಳಿ ಬಾರದು. ಆದ್ದರಿಂದ ಅವುಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ ಸುಮಾರು 200 ಲಕ್ಸ್ ಬೆಳಕು ಸಾಕೆಂಬುದು ರೂಢಿಯಲ್ಲಿರುವ ಮಿತಿ. ಕಲ್ಲಿಗೆ ಈ ಚಿಂತೆಯಿಲ್ಲ. ಒಳಗೆ ಹೋಗಿ ಕೆಲವು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಪ್ರಶ್ನೆ: ಛಾಯಾಚಿತ್ರವನ್ನು ಮೊಬೈಲಿನಲ್ಲೇ ನೋಡಬಹುದು. ಅದಕ್ಕೂ ಉಪನ್ಯಾಸ ಬೇಕೆ?
– ಓದುಗರು, ಧಾರವಾಡ

ಉತ್ತರ: ಮೊಬೈಲಿನಲ್ಲಿ ಕಾಣುವುದು ದೃಶ್ಯ, ಸಂಗ್ರಹಾಲಯದಲ್ಲಿರುವುದು ಮುದ್ರಿತ ಪ್ರತಿ. 19ನೆಯ ಶತಮಾನದ ಪ್ರತಿಗಳಲ್ಲಿ ಅನೇಕವನ್ನು ಮೊಟ್ಟೆಯ ಬಿಳಿಭಾಗ ಲೇಪಿಸಿದ ಕಾಗದದ ಮೇಲೆ ತೆಗೆಯುತ್ತಿದ್ದರು. ಅವುಗಳ ಹಳದಿ ಛಾಯೆಗೆ ಆ ಲೇಪನವೂ ಒಂದು ಕಾರಣ. ಒಂದೇ ನೆಗೆಟಿವ್‌ನಿಂದ ತೆಗೆದ ಎರಡು ಪ್ರತಿಗಳಲ್ಲಿ ನೆರಳಿನ ಗಾಢತೆ, ಅಂಚು ಕತ್ತರಿಸಿದ ರೀತಿ ಬೇರೆಯಾಗಿರಬಹುದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಂತಹ ಪತ್ರಿಕಾ ಛಾಯಾಗ್ರಾಹಕರ ಚಿತ್ರಗಳನ್ನು ಕುರಿತ ಮಾತಿದ್ದರೆ, ಪತ್ರಿಕೆಯಲ್ಲಿ ಅಚ್ಚಾದದ್ದಕ್ಕೂ ಗೋಡೆಯ ಮೇಲಿನದಕ್ಕೂ ಏನು ವ್ಯತ್ಯಾಸ, ಈ ಪ್ರತಿಯನ್ನು ತೆಗೆದವರು ಯಾರು, ಯಾವಾಗ ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಇಂಗ್ಲಿಷಿನಲ್ಲಿ ಮಾತನಾಡಿದವರೂ ಎಷ್ಟೋ ಸಲ ಕನ್ನಡದಲ್ಲಿ ಉತ್ತರಿಸುತ್ತಾರೆ.