ಓದುಗರ ಪ್ರಶ್ನೆ: ಕುಡಿಯದವರಿಗೆ ಕಳ್ಳ ಬಾರ್‌ನಲ್ಲಿ ಏನು ಕೆಲಸ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮುಂದಿನ ತಿಂಗಳು ನಾನೂ ನನ್ನ ಹೆಂಡತಿಯೂ ನ್ಯೂಜೆರ್ಸಿಯ ಮಗನ ಮನೆಗೆ ಹೊರಟಿದ್ದೇವೆ. ಅವನು ನ್ಯೂಯಾರ್ಕ್‌ನಲ್ಲಿ ‘ಸ್ಪೀಕ್‌ಈಸಿ ಟೂರ್’ ಅಂತ ಬುಕ್ ಮಾಡಿದ್ದಾನೆ. ಪಾನನಿರೋಧದ ಕಾಲದ ಕಳ್ಳ ಬಾರ್‌ಗಳನ್ನು ಗೈಡ್ ಜೊತೆ ನಡೆದು ನೋಡುವುದಂತೆ, ನಡುವೆ ಕಾಕ್‌ಟೇಲ್ ಕೊಡುತ್ತಾರಂತೆ. ನಾವಿಬ್ಬರೂ ಒಂದು ದಿನಕ್ಕೂ ಕುಡಿದವರಲ್ಲ. ಅಲ್ಲಿ ನಮಗೇನು ಕೆಲಸ? ಬೇಡ ಅಂದರೆ ಮಗ ಬೇಜಾರು ಮಾಡಿಕೊಳ್ಳುತ್ತಾನೆ.
– ಒಬ್ಬ ಓದುಗರು, ತೀರ್ಥಹಳ್ಳಿ

ಮೇಷ್ಟ್ರೇ, ಹೋಗಿ. ಅಮ್ಮನವರನ್ನೂ ಕರೆದುಕೊಂಡು ಹೋಗಿ. ನಾನೂ ಕುಡಿಯುವುದಿಲ್ಲ. ಕ್ವೀನ್ಸ್‌ನಲ್ಲಿ ಮೂವತ್ತು ವರ್ಷದಿಂದ ಇದ್ದೇನೆ, ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಊರಿಂದ ಬಂದವರ ಜೊತೆ ಇಂಥ ನಡಿಗೆಗೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ನನ್ನ ಕಣ್ಣು ಬಾಗಿಲುಗಳ ಮೇಲೇ ಇತ್ತು.

ಹೋಗುವ ಮೊದಲು ಇಷ್ಟು ತಿಳಿದಿರಲಿ. 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಇಡೀ ಅಮೆರಿಕದಲ್ಲಿ ಮದ್ಯ ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧವಾಗಿತ್ತು. ಅದಕ್ಕಾಗಿ ಸಂವಿಧಾನಕ್ಕೇ ತಿದ್ದುಪಡಿ ತಂದಿದ್ದರು. ಆದರೆ ಕುಡಿಯುವುದು ಮಾತ್ರ ಅಪರಾಧ ಆಗಿರಲಿಲ್ಲ! ದುಡ್ಡಿದ್ದವರು ಮೊದಲೇ ಪೆಟ್ಟಿಗೆಗಟ್ಟಲೆ ತಂದು ನೆಲಮಾಳಿಗೆ ತುಂಬಿಸಿಟ್ಟುಕೊಂಡರು. ಡಾಕ್ಟರ್ ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು, ಹತ್ತು ದಿನಕ್ಕೆ ಒಂದು ಪೈಂಟ್, ಅಂದರೆ ಅರ್ಧ ಲೀಟರ್‌ಗಿಂತ ಸ್ವಲ್ಪ ಕಡಿಮೆ. ಉಳಿದವರು ಕದ್ದುಮುಚ್ಚಿ ಮಾರುವ ಜಾಗಗಳನ್ನು ಹುಡುಕಿಕೊಂಡು ಹೋದರು. ಅವೇ ಸ್ಪೀಕ್‌ಈಸಿಗಳು. ‘ಮೆಲ್ಲಗೆ ಮಾತಾಡಿ’ ಅನ್ನುವುದೇ ಆ ಹೆಸರಿನ ಅರ್ಥ. 1929ರಲ್ಲಿ ನ್ಯೂಯಾರ್ಕ್‌ನ ಪೊಲೀಸ್ ಕಮಿಷನರ್ ಗ್ರೋವರ್ ವೇಲನ್ ಅವರೇ ನಗರದಲ್ಲಿ ಇಂಥವು 32,000 ಇವೆ ಅಂತ ಅಂದಾಜು ಹೇಳಿದ್ದರು. ನ್ಯೂಯಾರ್ಕ್ ರಾಜ್ಯವಂತೂ ಪಾನನಿರೋಧಕ್ಕಾಗಿ ತಾನು ಮಾಡಿಕೊಂಡಿದ್ದ ಕಾನೂನನ್ನು 1923ರಲ್ಲೇ ರದ್ದು ಮಾಡಿತ್ತು.

ಗ್ರೀನಿಚ್ ವಿಲೇಜ್‌ನಲ್ಲಿ ಬೆಡ್‌ಫರ್ಡ್ ಬೀದಿಯ 86ನೇ ನಂಬರ್ ತೋರಿಸುತ್ತಾರೆ. 1922ರಲ್ಲಿ ಚಮ್ಲೀಸ್ ಅನ್ನುವ ಸ್ಪೀಕ್‌ಈಸಿ ಶುರುವಾದ ಜಾಗ. ಬೋರ್ಡ್ ಇಲ್ಲ. ಆಗಲೂ ಇರಲಿಲ್ಲ, ಪಾನನಿರೋಧ ಮುಗಿದ ಮೇಲೂ ಹಾಕಲಿಲ್ಲ. ಸುಮ್ನೆ ಒಂದು ಮನೆ ಬಾಗಿಲು. ಹಿಂದೆ ಬ್ಯಾರೋ ಬೀದಿಯ ಕಡೆಯಿಂದ ಒಂದು ಸಣ್ಣ ಅಂಗಳದ ಮೂಲಕ ಇನ್ನೊಂದು ದಾರಿ. ಮುಂದೆ ಪೊಲೀಸರು ಬಂದರೆ ಹಿಂದೆ, ಹಿಂದೆ ಬಂದರೆ ಮುಂದೆ. ಹೋಟೆಲ್‌ಗಳಲ್ಲಿ ಒಂದು ಐಟಂ ಖಾಲಿ ಆದರೆ ‘ಏಟಿ ಸಿಕ್ಸ್’ ಅನ್ನುತ್ತಾರೆ, ಅದು ಈ ಮನೆ ನಂಬರಿನಿಂದಲೇ ಬಂತು ಅಂತ ಗೈಡ್ ಹೇಳುತ್ತಾರೆ. ಅದನ್ನು ಕಥೆ ಅಂತಲೇ ಕೇಳಿ.

ನನ್ನ ಮನಸ್ಸಿನಿಂದ ಹೋಗದಿರುವ ಬಾಗಿಲು ಬೇರೆ. ಪಶ್ಚಿಮ 52ನೇ ಬೀದಿಯ 21ನೇ ನಂಬರ್, ‘21’ ಕ್ಲಬ್, ಅದೂ ಆಗ ಸ್ಪೀಕ್‌ಈಸಿಯೇ. 2020ರಲ್ಲಿ ಅದು ಬಾಗಿಲು ಹಾಕಿತು. ಅದಕ್ಕೂ ಎಷ್ಟೋ ವರ್ಷ ಮೊದಲು ನಮ್ಮ ವಾರ್ಡಿನ ಹಿರಿಯ ನರ್ಸ್ ಒಬ್ಬರು ನಿವೃತ್ತರಾದಾಗ ಅಲ್ಲಿ ಊಟಕ್ಕೆ ಹೋಗಿದ್ದೆವು. ಊಟ ಆದ ಮೇಲೆ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಎದುರಿಗೆ ಬರೀ ಇಟ್ಟಿಗೆ ಗೋಡೆ. ಅಲ್ಲಿನ ಒಬ್ಬರು ಮೊಳದುದ್ದದ ಸಣ್ಣ ಕಬ್ಬಿಣದ ಕಡ್ಡಿ ತೆಗೆದು ಗೋಡೆಯ ಒಂದು ತೂತಿಗೆ ಹಾಕಿದರು. ಕಟಕ್ ಅಂತ ಸದ್ದಾಯಿತು. ಎರಡೂವರೆ ಟನ್ ತೂಕದ ಗೋಡೆ ಬಾಗಿಲಿನ ಹಾಗೆ ತಿರುಗಿತು! ಒಳಗೆ ಸಾಲು ಸಾಲು ಬಾಟಲಿ. ಆ ಕೋಣೆ ಇರುವುದು ಪಕ್ಕದ 19ನೇ ನಂಬರ್ ಮನೆಯ ಕೆಳಗೆ. ‘ನಮ್ಮ ಕಟ್ಟಡದಲ್ಲಿ ಮದ್ಯ ಇಲ್ಲ’ ಅಂತ ಮಾಲೀಕರು ಪೊಲೀಸರಿಗೆ ಹೇಳಿದರೆ ಅದು ಸುಳ್ಳಾಗಬಾರದು, ಅದಕ್ಕೇ ಈ ಏರ್ಪಾಡು. ನಾನು ಆ ತೂತಿನೊಳಗೆ ಬೆರಳು ಇಟ್ಟು ನೋಡಿದೆ. ಅಂಚು ಸವೆದು ನುಣುಪಾಗಿತ್ತು.

ಇನ್ನು ಕುಡಿಯುವ ವಿಷಯ. ಲೋವರ್ ಈಸ್ಟ್ ಸೈಡ್‌ನ ನಾರ್ಫೋಕ್ ಬೀದಿ, 102ನೇ ನಂಬರ್, ‘ಬ್ಯಾಕ್ ರೂಮ್’. ಹೊರಗೆ ಆಟಿಕೆ ಕಂಪನಿಯ ಬೋರ್ಡ್. ಮೆಟ್ಟಿಲಿಳಿದು, ಓಣಿ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ಅಮ್ಮನವರಿಗೆ ಮಂಡಿನೋವಿದ್ದರೆ ಮಗನಿಗೆ ಮೊದಲೇ ಹೇಳಿ. ಅಲ್ಲಿ ಕಾಕ್‌ಟೇಲನ್ನು ಟೀ ಕಪ್‌ನಲ್ಲಿ ಕೊಡುತ್ತಾರೆ, ಬಿಯರ್ ಬಾಟಲಿಯನ್ನು ಕಾಗದದ ಚೀಲದಲ್ಲಿ. ನೀವು ‘ಬೀಸ್ ನೀಸ್’ ಅನ್ನುವುದನ್ನು ಜಿನ್ ಹಾಕದೆ ಮಾಡಿಕೊಡಿ ಅಂತ ಕೇಳಿ. ಅದರಲ್ಲಿರುವುದು ಜಿನ್, ನಿಂಬೆರಸ, ಜೇನುತುಪ್ಪ. ಜಿನ್ ತೆಗೆದರೆ ಉಳಿಯುವುದು ನಮ್ಮ ಪಾನಕವೇ ಅಲ್ವಾ? ಯಾರೂ ಏನೂ ಅಂದುಕೊಳ್ಳುವುದಿಲ್ಲ, ಇಲ್ಲಿ ದಿನವೂ ಎಷ್ಟೋ ಜನ ಹಾಗೆ ಕೇಳುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಒಂದು ಮಾತು: ಕೆಲವು ಕಾಕ್‌ಟೇಲ್‌ಗಳ ಮೇಲಿರುವ ಬಿಳಿ ನೊರೆ ಮೊಟ್ಟೆಯದ್ದು, ಕೇಳಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ.

ಪ್ರಶ್ನೆ: ಆ ಕಾಲದಲ್ಲಿ ಹೆಂಗಸರೂ ಇಂಥ ಜಾಗಗಳಿಗೆ ಹೋಗುತ್ತಿದ್ದರೇ?
– ಒಬ್ಬ ಓದುಗರು, ಮೈಸೂರು

ಹೋಗುತ್ತಿದ್ದರು, ಅದೂ ಜಾಸ್ತಿಯೇ. ಅದಕ್ಕೂ ಹಿಂದಿನ ಸಲೂನ್‌ಗಳು, ಅಂದರೆ ಆಗಿನ ಬಾರ್‌ಗಳು, ಗಂಡಸರ ಜಾಗ. ಪೂರ್ವ 7ನೇ ಬೀದಿಯ ಮೆಕ್‌ಸಾರ್ಲೀಸ್‌ನಲ್ಲಂತೂ 1970ರವರೆಗೂ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಸ್ಪೀಕ್‌ಈಸಿಯಲ್ಲಿ ಎಲ್ಲರೂ ಕದ್ದು ಬಂದವರೇ. ಹಾಗಾಗಿ ಹಳೆಯ ಕಟ್ಟುಪಾಡು ಅಲ್ಲಿ ನಿಲ್ಲಲಿಲ್ಲ. ಪಾನನಿರೋಧ ಬರಬೇಕು ಅಂತ ಹೋರಾಡಿದವರಲ್ಲಿ ಹೆಂಗಸರು ಮುಂದಿದ್ದರು. ಅದು ಹೋಗಬೇಕು ಅಂತ 1929ರಲ್ಲಿ ಸಂಘ ಕಟ್ಟಿದವರೂ ಒಬ್ಬ ಹೆಂಗಸೇ, ನ್ಯೂಯಾರ್ಕ್‌ನ ಪಾಲಿನ್ ಸೇಬಿನ್.

ಪ್ರಶ್ನೆ: ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಕಳ್ಳಸಾರಾಯಿಯ ಕೆಟ್ಟ ರುಚಿ ಮುಚ್ಚಲು ಕಾಕ್‌ಟೇಲ್ ಹುಟ್ಟಿತು ಅಂತ ನಮ್ಮ ಸರ್ ಹೇಳಿದರು. ನಿಜವೇ?
– ಒಬ್ಬ ಓದುಗರು, ಹುಬ್ಬಳ್ಳಿ

ಅರ್ಧ ನಿಜ, ತಮ್ಮಾ. ಕಾಕ್‌ಟೇಲ್ ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು. ಆದರೆ ಜೇನು, ಹಣ್ಣಿನ ರಸ, ಕ್ರೀಮ್ ಎಲ್ಲ ಧಾರಾಳವಾಗಿ ಸುರಿಯಲು ಪಾನನಿರೋಧದ ಕಾಲದ ಜಿನ್ ದೊಡ್ಡ ಕಾರಣ. ‘ಬಾತ್‌ಟಬ್ ಜಿನ್’ ಅಂದರೆ ಸ್ನಾನದ ತೊಟ್ಟಿಯಲ್ಲಿ ಕಲಸಿದ್ದು ಅಂತ ಜನ ತಿಳಿಯುತ್ತಾರೆ. ನಿಜ ಬೇರೆ. ಆಲ್ಕೋಹಾಲ್‌ಗೆ, ಜಿನ್‌ಗೆ ಪರಿಮಳ ಕೊಡುವ ಜೂನಿಪರ್ ಎಣ್ಣೆ ಹಾಕಿದ ದೊಡ್ಡ ಜಾಡಿಗೆ ನೀರು ತುಂಬಿಸಬೇಕಿತ್ತು. ಅಡುಗೆಮನೆ ಸಿಂಕಿನ ನಲ್ಲಿ ಕೆಳಗೆ ಜಾಡಿ ಹಿಡಿಸುತ್ತಿರಲಿಲ್ಲ, ಅದಕ್ಕೆ ಬಚ್ಚಲ ನಲ್ಲಿಗೆ ಹಿಡಿಯುತ್ತಿದ್ದರು.

ಆ ಆಲ್ಕೋಹಾಲ್ ಎಲ್ಲಿಂದ ಬಂತು? ಇದನ್ನು ನಿಮ್ಮ ಸರ್ ಹೇಳಿದರೋ ಇಲ್ಲವೋ, ನಾನು ಹೇಳಲೇಬೇಕು. ಬಣ್ಣ, ಪಾಲಿಶ್ ಮಾಡುವ ಕಾರ್ಖಾನೆಗಳ ಆಲ್ಕೋಹಾಲ್‌ಗೆ, ಅದನ್ನು ಯಾರೂ ಕುಡಿಯಬಾರದು ಅಂತ, ಸರ್ಕಾರದ ನಿಯಮದಂತೆ ಮಿಥೈಲ್ ಆಲ್ಕೋಹಾಲ್ ಅನ್ನುವ ವಿಷ ಬೆರೆಸುತ್ತಿದ್ದರು. ಕಳ್ಳ ವ್ಯಾಪಾರಿಗಳು ಅದನ್ನೇ ಕದ್ದು, ಬಟ್ಟಿ ಇಳಿಸಿ ಮಾರಿದರು. ವಿಷ ಪೂರ್ತಿ ಹೋಗುತ್ತಿರಲಿಲ್ಲ. ಆಮೇಲೆ ಸರ್ಕಾರ ವಿಷದ ಪ್ರಮಾಣ ಇನ್ನೂ ಹೆಚ್ಚಿಸಿತು. 1926ರ ಕ್ರಿಸ್‌ಮಸ್ ಹೊತ್ತಿಗೆ ಬೆಲ್‌ವ್ಯೂ ಆಸ್ಪತ್ರೆಗೆ ಸಾಲು ಸಾಲಾಗಿ ಜನ ಬಂದರು. ಆ ವರ್ಷ ನ್ಯೂಯಾರ್ಕ್ ಒಂದರಲ್ಲೇ ವಿಷಮದ್ಯದಿಂದ ಸತ್ತವರು ಸುಮಾರು 400. ನಗರದ ಮುಖ್ಯ ವೈದ್ಯಕೀಯ ಪರೀಕ್ಷಕ ಡಾಕ್ಟರ್ ಚಾರ್ಲ್ಸ್ ನಾರಿಸ್ ಇದಕ್ಕೆ ಸರ್ಕಾರವೇ ಹೊಣೆ ಅಂತ ಬಹಿರಂಗವಾಗಿ ಹೇಳಿದರು. ಸಾಯುತ್ತಿರುವವರು ಒಳ್ಳೆಯ ಮದ್ಯಕ್ಕೆ ದುಡ್ಡಿಲ್ಲದ ಬಡವರು ಅಂತಲೂ ಹೇಳಿದರು. ಕಡ್ಡಿಯಿಂದ ತೆರೆಯುವ ಆ ಗೋಡೆಯ ಹಿಂದಿದ್ದ ಬಾಟಲಿಗಳು ಅವರಿಗೆಲ್ಲಿ ಸಿಗಬೇಕು?

ನನಗೆ ಇದು ಪುಸ್ತಕದಲ್ಲಿ ಓದಿದ ವಿಷಯ ಅಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆಗ ನಾನು ಅಲ್ಲಿ ನರ್ಸಿಂಗ್ ವಿದ್ಯಾರ್ಥಿನಿ. ನೆಲದ ಮೇಲೆ ಚಾಪೆ ಹಾಸಿ ರೋಗಿಗಳನ್ನು ಮಲಗಿಸಿದ್ದೆವು. ಒಬ್ಬರು, ಮೂಟೆ ಹೊರುವವರು, ಹೆಗಲ ಮೇಲೆ ಗೋಣಿಯ ಗುರುತು ಹಾಗೇ ಇತ್ತು. ‘ಸಿಸ್ಟರ್, ಲೈಟ್ ಹಾಕಮ್ಮ’ ಅಂತ ಕೇಳುತ್ತಲೇ ಇದ್ದರು. ಆಗ ಬೆಳಗ್ಗೆ ಹನ್ನೊಂದು ಗಂಟೆ. ಬಿಸಿಲು ಅವರ ಮುಖದ ಮೇಲೇ ಬೀಳುತ್ತಿತ್ತು. ಮಿಥೈಲ್ ಆಲ್ಕೋಹಾಲ್ ಲಿವರ್‌ನಲ್ಲಿ ಫಾರ್ಮಿಕ್ ಆಸಿಡ್ ಆಗುತ್ತದೆ, ಅದು ಮೊದಲು ಹಿಡಿಯುವುದೇ ಕಣ್ಣಿನ ನರವನ್ನು. ಅವರು ಆ ಸಂಜೆ ತೀರಿಕೊಂಡರು.

ನಾನು ಹೋದ ಮೂರು ನಡಿಗೆಗಳಲ್ಲಿ ಎರಡರಲ್ಲಿ ಗೈಡ್ ಈ ಸಾವುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೇ ಕೇಳಿದೆ. ಮೂರನೆಯವಳು, ಚಿಕ್ಕ ವಯಸ್ಸಿನ ಹುಡುಗಿ, ಟೀ ಕಪ್ ಕೈಗೆ ಕೊಡುವ ಮೊದಲೇ ನಾರಿಸ್ ಹೆಸರು ಹೇಳಿದಳು. ಅವಳಿಗೆ ಟಿಪ್ಸ್ ಕೊಡುವಾಗ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದೆ.

ಮೇಷ್ಟ್ರೇ, ನೀವೂ ಕೇಳಿ. ಮಾರನೆಯ ದಿನ ಬಿಡುವಿದ್ದರೆ 6ನೇ ನಂಬರ್ ರೈಲು ಹಿಡಿದು 28ನೇ ಬೀದಿಯಲ್ಲಿ ಇಳಿದು ಪೂರ್ವಕ್ಕೆ ಹತ್ತು ಹನ್ನೆರಡು ನಿಮಿಷ ನಡೆಯಿರಿ. ಫಸ್ಟ್ ಅವೆನ್ಯೂ ಸಿಗುತ್ತದೆ. ಬೆಲ್‌ವ್ಯೂ ಈಗಲೂ ಅಲ್ಲೇ ಇದೆ, ಹಳೆಯ ಇಟ್ಟಿಗೆ ಕಟ್ಟಡಗಳೂ ಇವೆ. ಅದಕ್ಕೆ ಟಿಕೆಟ್ ಇಲ್ಲ.